ಅಂಗಮರ್ದನ ಚಿಕಿತ್ಸೆ

ಅಂಗಮರ್ದನ ಚಿಕಿತ್ಸೆಯು ಚರ್ಮ, ಸ್ನಾಯು ಮತ್ತು ಅವುಗಳಿಗೆ ಹೊಂದಿಕೊಂಡ ಅಂಗಾಂಶಗಳನ್ನು ಕೈಯಿಂದ ನೀವಿ, ಒತ್ತಿ, ನಾದಿ, ತಟ್ಟಿ ದೇಹದ ನೋವನ್ನೂ ಬಿಗಿತವನ್ನೂ ತಗ್ಗಿಸುವ ಒಂದು ಪದ್ಧತಿ. ಆಡುಮಾತಿನಲ್ಲಿ ಇದನ್ನು ಮಾಲೀಸು ಅಥವಾ ಮಸಾಜ್ ಎನ್ನುತ್ತಾರೆ. ಆಯುರ್ವೇದದಲ್ಲಿ ಎಣ್ಣೆ ಹಚ್ಚಿ ಮಾಡುವ ಮರ್ದನಕ್ಕೆ ಅಭ್ಯಂಗ ಎಂಬ ಹೆಸರಿದೆ. ಕರ್ನಾಟಕದಲ್ಲಿ ಇದು ಮನೆಯ ಎಣ್ಣೆಸ್ನಾನ, ಬಾಣಂತಿಯ ಆರೈಕೆ, ಗರಡಿಮನೆಯ ಅಭ್ಯಾಸ ಹಾಗೂ ಆಸ್ಪತ್ರೆಯ ಪಂಚಕರ್ಮ ಎಂಬ ಹಲವು ರೂಪಗಳಲ್ಲಿ ಬಳಕೆಯಲ್ಲಿದೆ.

ಇತಿಹಾಸ

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಪ್ರಯೋಜನವನ್ನು ಎಣ್ಣೆ ಸವರಿದ ಮಡಕೆ, ತೊಗಲು ಮತ್ತು ಗಾಡಿಯ ಅಚ್ಚಿನ ಹೋಲಿಕೆಯಿಂದ ವಿವರಿಸಲಾಗಿದೆ. ವಾಗ್ಭಟನ ಅಷ್ಟಾಂಗಹೃದಯವು ಅಭ್ಯಂಗವನ್ನು ದಿನಚರ್ಯೆಯ ಭಾಗವೆಂದು ಹೇಳಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ. ಅದೇ ಗ್ರಂಥವು ಅಜೀರ್ಣವಿರುವವರು, ಕಫ ಹೆಚ್ಚಿರುವವರು ಮತ್ತು ವಮನ, ವಿರೇಚನಾದಿ ಶೋಧನ ಮಾಡಿಸಿಕೊಂಡವರು ಅಭ್ಯಂಗ ಮಾಡಬಾರದೆಂದೂ ವಿಧಿಸುತ್ತದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಮರ್ದನ ಸಲ್ಲದೆಂಬ ತಿಳಿವಳಿಕೆ ಹೀಗೆ ಹಳೆಯ ಗ್ರಂಥಗಳಲ್ಲಿಯೇ ಇದೆ.

ಇಂದಿನ ವಿಜಯನಗರ ಜಿಲ್ಲೆಯ ಹಂಪಿಗೆ 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ಅಭ್ಯಾಸವನ್ನು ದಾಖಲಿಸಿದ್ದಾನೆ. ಅರಸನು ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಭಾರ ಎತ್ತಿ, ಕತ್ತಿ ಬೀಸಿ, ಬಳಿಕ ಮಲ್ಲರೊಡನೆ ಕುಸ್ತಿ ಮಾಡುತ್ತಿದ್ದನೆಂದು ಅವನು ಬರೆದಿದ್ದಾನೆ. ಎಣ್ಣೆ, ವ್ಯಾಯಾಮ ಮತ್ತು ಮರ್ದನ ಒಂದಕ್ಕೊಂದು ಸೇರಿದ ಈ ಕ್ರಮವು ಗರಡಿಮನೆಗಳಲ್ಲಿ ಮುಂದುವರಿಯಿತು. ಮೈಸೂರಿನ ಜಟ್ಟಿಗಳು ಕುಸ್ತಿಯ ಜೊತೆಗೆ ಮಾಲೀಸಿಗೂ ಉಳುಕು ತೆಗೆಯುವುದಕ್ಕೂ ಹೆಸರಾಗಿದ್ದರು.

ಯುರೋಪಿನಲ್ಲಿ 19ನೆಯ ಶತಮಾನದಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಅಂಗಸಾಧನೆಯ ಪದ್ಧತಿಯೊಂದನ್ನು ರೂಪಿಸಿದನು. ನೆದರ್ಲೆಂಡ್ಸಿನ ವೈದ್ಯ ಯೋಹಾನ್ ಗೇಯೋರ್ಗ್ ಮೆಟ್ಸ್‌ಗರ್ ಮರ್ದನದ ಕ್ರಿಯೆಗಳನ್ನು ವರ್ಗೀಕರಿಸಿದನು. ಇಂದು ‘ಸ್ವೀಡಿಷ್ ಮಸಾಜ್’ ಎನ್ನುವ ಪದ್ಧತಿಗೆ ಈ ವರ್ಗೀಕರಣವೇ ತಳಹದಿ.

ವಿಧಾನಗಳು

* ನೀವುವುದು: ಅಂಗೈಯಿಂದ ಉದ್ದಕ್ಕೆ ಹಗುರವಾಗಿ ಸವರುವುದು. ಚಿಕಿತ್ಸೆಯ ಆರಂಭ ಮತ್ತು ಮುಕ್ತಾಯ ಸಾಮಾನ್ಯವಾಗಿ ಹೀಗಿರುತ್ತದೆ.
* ನಾದುವುದು: ಸ್ನಾಯುವನ್ನು ಹಿಡಿದೆತ್ತಿ ಹಿಟ್ಟಿನಂತೆ ಮಿದಿಯುವುದು.
* ಉಜ್ಜುವುದು: ಬೆರಳ ತುದಿಯಿಂದ ಒಂದೇ ಜಾಗದಲ್ಲಿ ಆಳವಾಗಿ ತಿಕ್ಕುವುದು.
* ತಟ್ಟುವುದು: ಅಂಗೈ ಅಥವಾ ಅದರ ಅಂಚಿನಿಂದ ಲಯಬದ್ಧವಾಗಿ ಬಡಿಯುವುದು.
* ಉದ್ವರ್ತನ: ಎಣ್ಣೆಯ ಬದಲಿಗೆ ಒಣ ಚೂರ್ಣದಿಂದ ಮೈ ಉಜ್ಜುವ ಆಯುರ್ವೇದ ಕ್ರಮ.

ಮನೆಯ ಬಳಕೆಗೆ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಮತ್ತು ಹರಳೆಣ್ಣೆ ಸಾಮಾನ್ಯ. ಕ್ಷೀರಬಲಾ, ಮಹಾನಾರಾಯಣ ಮೊದಲಾದ ಔಷಧೀಯ ತೈಲಗಳನ್ನು ವೈದ್ಯರು ರೋಗಿಯ ಸ್ಥಿತಿ ನೋಡಿ ಸೂಚಿಸುತ್ತಾರೆ. ಅಭ್ಯಂಗದ ನಂತರ ಬಿಸಿನೀರಿನ ಸ್ನಾನ ಮಾಡಿ, ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ಜಿಡ್ಡು ತೆಗೆಯುವುದು ರೂಢಿ. ನರಕ ಚತುರ್ದಶಿಯ ಎಣ್ಣೆಸ್ನಾನವೂ ಇದೇ ಕ್ರಮದ್ದು.

ಪರಿಣಾಮ ಮತ್ತು ಮಿತಿ

ಮರ್ದನದಿಂದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಚರ್ಮದ ರಕ್ತಸಂಚಾರ ತಾತ್ಕಾಲಿಕವಾಗಿ ಹೆಚ್ಚುತ್ತದೆ, ಉದ್ವೇಗ ತಗ್ಗುತ್ತದೆ. ಸೊಂಟನೋವಿನಲ್ಲಿ ಇದು ಅಲ್ಪಾವಧಿಯ ಉಪಶಮನ ನೀಡಬಹುದೆಂದು ಅಧ್ಯಯನಗಳು ಸೂಚಿಸಿದರೂ, ದೀರ್ಘಾವಧಿಯ ಲಾಭಕ್ಕೆ ಸಾಕ್ಷ್ಯ ದುರ್ಬಲವಾಗಿದೆ. ಮಾಲೀಸು ದೇಹದ ‘ವಿಷ’ವನ್ನು ಹೊರಹಾಕುತ್ತದೆ, ಮಧುಮೇಹ ಅಥವಾ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬ ಪ್ರಚಾರಗಳಿಗೆ ವೈಜ್ಞಾನಿಕ ಆಧಾರವಿಲ್ಲ.

ಮಾಡಿಸಿಕೊಳ್ಳಬಾರದ ಸಂದರ್ಭಗಳು

* ಜ್ವರ, ಚರ್ಮದ ಸೋಂಕು, ತೆರೆದ ಗಾಯ ಅಥವಾ ಸುಟ್ಟಗಾಯ ಇರುವಾಗ.
* ಒಂದೇ ಕಾಲು ಊದಿಕೊಂಡು, ಮೀನಖಂಡ ನೋಯುತ್ತಿರುವಾಗ. ಇದು ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯ ಉಂಟಾಗುವ ಸಂಭವವಿದೆ.
* ಮೂಳೆ ಮುರಿತದ ಅನುಮಾನವಿರುವಾಗ. ಬಿದ್ದು ಪೆಟ್ಟಾದ ಕೂಡಲೇ ಉಳುಕೆಂದು ಭಾವಿಸಿ ತಿಕ್ಕಿಸುವುದು ಹಳ್ಳಿಗಳಲ್ಲಿ ಸಾಮಾನ್ಯ. ವಿಶೇಷವಾಗಿ ಮೊಣಕೈ ಪೆಟ್ಟಿನ ನಂತರ ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳಬಹುದು. ಮೊದಲು ಎಕ್ಸ್-ರೇ ತೆಗೆಸುವುದು ಯುಕ್ತ.

ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಮೂಳೆ ಸವೆತವುಳ್ಳವರು, ಹೃದ್ರೋಗಿಗಳು, ಕ್ಯಾನ್ಸರ್ ರೋಗಿಗಳು ಮತ್ತು ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಎಣ್ಣೆಯ ಬಿಸಿ ತಿಳಿಯದೆ ಬೊಬ್ಬೆ ಏಳಬಹುದು.

ಕತ್ತು ತಿರುಚುವ ಅಪಾಯ

ಕ್ಷೌರದ ಅಂಗಡಿಗಳಲ್ಲಿ ತಲೆಗೆ ಮಾಲೀಸು ಮಾಡಿದ ಮೇಲೆ ಕತ್ತನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯುವ ರೂಢಿಯಿದೆ. ಹೀಗೆ ಮಾಡಿದಾಗ ಮೆದುಳಿಗೆ ರಕ್ತ ಒಯ್ಯುವ ಕತ್ತಿನ ಅಪಧಮನಿಯ ಒಳಪದರ ಹರಿದು ಪಾರ್ಶ್ವವಾಯು ಉಂಟಾಗಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಚಿದ ಬಳಿಕ ಪಾರ್ಶ್ವವಾಯು ಉಂಟಾದ ಪ್ರಕರಣವು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆದ್ದರಿಂದ ಕುರ್ಚಿಯಲ್ಲಿ ಕುಳಿತ ಕೂಡಲೇ ‘ಕತ್ತು ತಿರುಗಿಸುವುದು ಬೇಡ’ ಎಂದು ಹೇಳುವುದು ಒಳಿತು. ಮಾಲೀಸಿನ ನಂತರ ಕತ್ತಿನಲ್ಲಿ ತೀವ್ರ ನೋವು, ತಲೆಸುತ್ತು, ಮಾತಿನ ತೊದಲು, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲಿನ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.

ಬಾಣಂತಿ ಮತ್ತು ಶಿಶು

ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವ ಪದ್ಧತಿ ನಾಡಿನೆಲ್ಲೆಡೆ ಇದೆ. ಶಸ್ತ್ರಕ್ರಿಯೆಯ ಹೆರಿಗೆಯಾಗಿದ್ದರೆ ಗಾಯ ಮಾಯುವವರೆಗೆ ಹೊಟ್ಟೆಯ ಭಾಗವನ್ನು ತಿಕ್ಕಬಾರದು. ಶಿಶುವಿಗೆ ಮೃದುವಾಗಿ ಎಣ್ಣೆ ಸವರಬಹುದಾದರೂ ಕಿವಿ ಮತ್ತು ಮೂಗಿಗೆ ಎಣ್ಣೆ ಬಿಡುವುದು ಅಪಾಯಕರ. ಮೂಗಿಗೆ ಬಿಟ್ಟ ಎಣ್ಣೆಯು ಶ್ವಾಸಕೋಶ ಸೇರಿ ನ್ಯುಮೋನಿಯಾ ಉಂಟುಮಾಡಬಲ್ಲದು.

ಚಿಕಿತ್ಸೆ ಪಡೆಯುವವರು ಗಮನಿಸಬೇಕಾದ ಅಂಶಗಳು

ಚಿಕಿತ್ಸೆಗೆ ಮುನ್ನ ತನಗಿರುವ ಕಾಯಿಲೆ, ಸೇವಿಸುವ ಔಷಧ, ಹಿಂದಿನ ಶಸ್ತ್ರಕ್ರಿಯೆ ಮತ್ತು ಅಲರ್ಜಿಯನ್ನು ತಿಳಿಸಬೇಕು. ಊಟವಾದ ಕೂಡಲೇ ಮಾಡಿಸಿಕೊಳ್ಳಬಾರದು. ಒತ್ತಡವು ಹಿತವೆನಿಸದಿದ್ದರೆ ಅದನ್ನು ಸಹಿಸಿಕೊಂಡು ಸುಮ್ಮನಿರುವ ಅಗತ್ಯವಿಲ್ಲ. ಯಾವ ಭಾಗವನ್ನು ಮುಟ್ಟಬಾರದೆಂದು ಹೇಳುವ ಹಾಗೂ ಯಾವ ಘಟ್ಟದಲ್ಲಾದರೂ ನಿಲ್ಲಿಸುವ ಹಕ್ಕು ಚಿಕಿತ್ಸೆ ಪಡೆಯುವವರಿಗಿದೆ. ಮೈಮೇಲೆ ಹೊದಿಕೆ ಕೇಳಬಹುದು. ಪಂಚಕರ್ಮ ಕೇಂದ್ರಗಳಲ್ಲಿ ಮಹಿಳೆಯರಿಗೆ ಮಹಿಳೆಯರೇ ಚಿಕಿತ್ಸೆ ನೀಡುವುದು ರೂಢಿ. ಮರುದಿನ ಸ್ವಲ್ಪ ಮೈನೋವು ಸಹಜ. ನೋವು ಹೆಚ್ಚುತ್ತ ಹೋದರೆ, ಊತ ಅಥವಾ ಮರಗಟ್ಟುವಿಕೆ ಕಂಡರೆ ವೈದ್ಯರನ್ನು ಕಾಣಬೇಕು.

ಲಭ್ಯತೆ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಭಾಗದವರು ಹೋಗಬಹುದಾದ ಸರ್ಕಾರಿ ಸಂಸ್ಥೆಗಳಲ್ಲಿ ಪಂಡಿತ ತಾರಾನಾಥರ ಹೆಸರಿನ, ಬಳ್ಳಾರಿಯ ಸರ್ಕಾರಿ ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಒಂದು. ಖಾಸಗಿ ಚಿಕಿತ್ಸಾಲಯಗಳು, ಆಯುರ್ವೇದ ಮತ್ತು ಪ್ರಕೃತಿ ಚಿಕಿತ್ಸೆಯವೂ ಸೇರಿದಂತೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು. ಮಾಲೀಸು ಮಾಡುವವರೆಲ್ಲ ವೈದ್ಯರಲ್ಲ. ಆದಕಾರಣ ರೋಗಕ್ಕೆ ಚಿಕಿತ್ಸೆ ಬಯಸುವವರು ನೋಂದಣಿ ಪತ್ರವನ್ನೂ, ವೈದ್ಯರು ಆಯುರ್ವೇದ, ಪ್ರಕೃತಿ ಚಿಕಿತ್ಸೆ ಅಥವಾ ಭೌತಚಿಕಿತ್ಸೆಯಲ್ಲಿ ಪದವಿ ಪಡೆದಿರುವರೇ ಎಂಬುದನ್ನೂ ಕೇಳಿ ತಿಳಿಯುವುದು ಸೂಕ್ತ.