ಹಕೀಮರ ಹೆಸರು ಹೊತ್ತ ಔಷಧ

ದಿಲ್ಲಿಯಲ್ಲಿರುವವರು ಕರೋಲ್ ಬಾಗ್‌ಗೆ ಹೋದಾಗ ತಿಬ್ಬಿಯಾ ಕಾಲೇಜಿನ ಪೂರ್ತಿ ಹೆಸರನ್ನು ಒಮ್ಮೆ ಓದಿ ನೋಡಿ: ಆಯುರ್ವೇದಿಕ್ ಅಂಡ್ ಯುನಾನಿ ತಿಬ್ಬಿಯಾ ಕಾಲೇಜು. ಎರಡು ಪದ್ಧತಿ, ಒಂದೇ ಬೋರ್ಡು.

ಯುನಾನಿ ಅಂದ್ರೆ ಮುಸಲ್ಮಾನರ ವೈದ್ಯ ಅಂತ ನಾವೂ ಹೇಳ್ತೀವಿ, ಬೇರೆಯವರೂ ಹೇಳ್ತಾರೆ. ಆದರೆ ಆ ಪದದ ಅರ್ಥವೇ ಗ್ರೀಕ್! ಗೇಲನ್‌ನ ವಿದ್ಯೆ ಅರಬ್ಬಿ ಭಾಷೆಗೆ ಬಂದು, ಇಬ್ನ್ ಸೀನಾರಂಥವರ ಕೈಯಲ್ಲಿ ಬೆಳೆದು, ಇಲ್ಲಿಗೆ ತಲುಪಿ ಈ ನೆಲದ ಗಿಡಮೂಲಿಕೆಗಳನ್ನೂ ಸೇರಿಸಿಕೊಂಡಿತು.

ಕಾಲೇಜು ಕಟ್ಟಿದವರು ಹಕೀಮ್ ಅಜ್ಮಲ್ ಖಾನ್ (1868–1927). 1912ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ವೈದ್ಯರ ನೋಂದಣಿ ಕಾಯ್ದೆ ಬಂತು. ಪಾಶ್ಚಾತ್ಯ ವೈದ್ಯ ಕಲಿತವರಿಗಷ್ಟೇ ಸರ್ಕಾರದ ಮಾನ್ಯತೆ. ಹಕೀಮರೂ ಹೊರಗೆ, ವೈದ್ಯರೂ ಹೊರಗೆ. ಇಂಥ ಅಪಾಯವನ್ನು ಮೊದಲೇ ಕಂಡಿದ್ದ ಅಜ್ಮಲ್ ಖಾನರು ಇಬ್ಬರನ್ನೂ ಒಂದೇ ಸಮ್ಮೇಳನದಡಿ ಸೇರಿಸಿದ್ದರು. 1916ರಲ್ಲಿ ಕಾಲೇಜಿಗೆ ಅಡಿಗಲ್ಲು ಹಾಕಿದ್ದು ವೈಸರಾಯ್ ಹಾರ್ಡಿಂಜ್. 1921ರಲ್ಲಿ ಉದ್ಘಾಟಿಸಿದ್ದು ಗಾಂಧೀಜಿ. ನಡುವೆ, 1920ರಲ್ಲಿ, ಬ್ರಿಟಿಷರು ಕೊಟ್ಟ ಬಿರುದನ್ನು ಹಕೀಮರು ವಾಪಸ್ ಮಾಡಿದ್ದರು. ಐದೇ ವರ್ಷದಲ್ಲಿ ದೇಶ ಎಷ್ಟು ಬದಲಾಗಿತ್ತು!

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಅವರ ಇನ್ನೊಂದು ಕೆಲಸ. ನಮ್ಮ ಔಷಧಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಅಂತ ಅವರಿಗೆ ಹಟ. ಅದಕ್ಕಾಗಿ ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿದ ಯುವಕ ಸಲೀಮುಜ್ಜಮಾನ್ ಸಿದ್ದಿಕಿಯನ್ನು ಆರಿಸಿಕೊಂಡರು. ಪರಂಪರೆಯನ್ನು ಪ್ರಶ್ನಿಸಿದರೆ ಅವಮಾನ ಅಂತ ಸಿಟ್ಟಾಗುವ ನಮ್ಮವರು ಇದನ್ನು ಗಮನಿಸಬೇಕು. ಹಕೀಮ ಮನೆತನದಲ್ಲೇ ಹುಟ್ಟಿದವರಿಗೆ ಆ ಭಯ ಇರಲಿಲ್ಲ.

ಸಿದ್ದಿಕಿ ಎತ್ತಿಕೊಂಡದ್ದು ಸರ್ಪಗಂಧದ ಬೇರು. ವೈದ್ಯರಿಗೂ ಹಕೀಮರಿಗೂ ಗೊತ್ತಿದ್ದ ಮೂಲಿಕೆ. ಜನ ಅದನ್ನು ಹುಚ್ಚಿನ ಮದ್ದು ಅಂತಲೇ ಕರೀತಿದ್ದರು. 1931ರಲ್ಲಿ ಅದರಿಂದ ಬೇರ್ಪಡಿಸಿದ ಒಂದು ರಾಸಾಯನಿಕಕ್ಕೆ ಅವರು ಅಜ್ಮಲೀನ್ ಅಂತ ಹೆಸರಿಟ್ಟರು. ಆ ಹೊತ್ತಿಗೆ ಹಕೀಮರು ತೀರಿಹೋಗಿದ್ದರು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೆಸರ್ಪಿನ್ ಹೊರಬಂತು, ರಕ್ತದೊತ್ತಡಕ್ಕೆ ಹೆಸರಾಯಿತು. (ಇದನ್ನು ಓದಿ ಸರ್ಪಗಂಧ ತಂದು ಕುದಿಸಿ ಕುಡೀಬೇಡಿ. ಬಿಪಿ ಕುಸಿಯುತ್ತೆ, ಮನಸ್ಸೂ ಕುಗ್ಗುತ್ತೆ.)

ಅಜ್ಮಲೀನ್ ಈಗಲೂ ಬಳಕೆಯಲ್ಲಿದೆ. ಬ್ರುಗಾಡಾ ಅನ್ನೋ ಹೃದಯದ ಕಾಯಿಲೆಯಲ್ಲಿ ಎಳೆಯ ವಯಸ್ಸಿನವರೂ ಇದ್ದಕ್ಕಿದ್ದಂತೆ ಸಾಯಬಹುದು. ಎಷ್ಟೋ ಜನರ ಮಾಮೂಲಿ ಇಸಿಜಿಯಲ್ಲಿ ಅದು ಕಾಣಿಸೋದಿಲ್ಲ. ಯುರೋಪಿನ ಆಸ್ಪತ್ರೆಗಳಲ್ಲಿ ಅಂಥ ಅನುಮಾನ ಬಂದರೆ ರೋಗಿಯನ್ನು ಮಲಗಿಸಿ, ರಕ್ತನಾಳಕ್ಕೆ ಅಜ್ಮಲೀನ್ ಕೊಟ್ಟು, ಡಾಕ್ಟರು ಇಸಿಜಿಯ ಗೆರೆ ನೋಡ್ತಾ ನಿಲ್ಲುತ್ತಾರೆ.