ಸಕಲೇಶಪುರ–ಆಲೂರು ಮಲೆಸೀಮೆ: ಕಾಫಿ ಕಟ್ಟಿದ ಊರು, ಸುತ್ತಲಿನ ನೋಡುತಾಣಗಳು

ಸಕಲೇಶಪುರ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಹೇಮಾವತಿ ನದಿಯ ದಂಡೆಯ ಮೇಲಿರುವ ತಾಲ್ಲೂಕು ಕೇಂದ್ರ. ಹಾಸನದಿಂದ ಸುಮಾರು 40 ಕಿ.ಮೀ., ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದಲ್ಲಿದೆ. ಬೆಂಗಳೂರು–ಮಂಗಳೂರು ಹೆದ್ದಾರಿ (ರಾ.ಹೆ. 75) ಇಲ್ಲಿಂದ ಮುಂದೆ ಶಿರಾಡಿ ಘಾಟಿಗೆ ಇಳಿಯುತ್ತದೆ. ಪೂರ್ವಕ್ಕೆ ಅಂಟಿಕೊಂಡಿರುವ ಆಲೂರು ತಾಲ್ಲೂಕು ಅರೆಮಲೆನಾಡು. ತಗ್ಗಿನಲ್ಲಿ ಭತ್ತದ ಗದ್ದೆ, ದಿಣ್ಣೆಯ ಮೇಲೆ ಕಾಫಿ.

ಚಿನ್ನದ ಆಸೆಗೆ ಜನ ಕ್ಯಾಲಿಫೋರ್ನಿಯಕ್ಕೂ ಆಸ್ಟ್ರೇಲಿಯಕ್ಕೂ ಹಡಗು ಹತ್ತುತ್ತಿದ್ದ 1850ರ ದಶಕದಲ್ಲಿ ಈ ಬೆಟ್ಟಗಳಿಗೆ ಹೊರಗಿನವರು ಬಂದದ್ದು ಕಾಫಿಗಾಗಿ. ಜಿಲ್ಲೆಯಲ್ಲಿ ಚಿನ್ನದ ಹಳೆಯ ಗುಂಡಿಗಳಿರುವುದು ದೂರದ ನುಗ್ಗೇಹಳ್ಳಿ ಶಿಲಾಪಟ್ಟಿಯ ಕೆಂಪಿನಕೋಟೆಯಲ್ಲಿ. ಸಕಲೇಶಪುರದ ಸಂಪತ್ತು ಮಣ್ಣಿನಡಿಯದಲ್ಲ, ಮರದ ನೆರಳಿನದು. ಆದರೂ ಕಾಡಿಗೆ ನುಗ್ಗಿದ ಆತುರ, ಸಾಲ ತಂದು ಹೂಡಿದ ಬಂಡವಾಳ, ಕೆಲವೇ ವರ್ಷಗಳಲ್ಲಿ ಬಂದ ಲಾಭ, ಹಾಗೆಯೇ ಎರಗಿದ ನಷ್ಟ, ಇವೆಲ್ಲ ಚಿನ್ನದ ಸೀಮೆಗಳ ಕಥೆಯಂತೆಯೇ ಇವೆ. ಇಂದು ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಕೋಟೆ ಹತ್ತಿ, ಜಲಪಾತ ನೋಡಿ, ರೆಸಾರ್ಟಿನಲ್ಲಿ ಮಲಗಿ ಹಿಂತಿರುಗುತ್ತಾರೆ. ಊರಿಗೆ ಈ ರೂಪ ಕೊಟ್ಟದ್ದು ಕಾಫಿ ಎಂಬುದನ್ನು ತಿಳಿದು ನೋಡಿದರೆ ಇಲ್ಲಿನ ಸೇತುವೆ, ಆಸ್ಪತ್ರೆ, ಕ್ಲಬ್ಬು, ಕೂಲಿಯವರ ಲೈನ್ ಮನೆ ಎಲ್ಲವೂ ನೋಡುತಾಣಗಳೇ.

ಇತಿಹಾಸ. ಈ ಪ್ರದೇಶದ ಹಳೆಯ ಹೆಸರು ಬಲಂ. ಐಗೂರಿನ ಪಾಳೆಯಗಾರರು ಇದನ್ನು ಆಳುತ್ತಿದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೂ ಬ್ರಿಟಿಷರಿಗೆ ಮಣಿಯದ ಬಲಂ ನಾಯಕನ ಮೇಲೆ 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಸ್ವತಃ ದಂಡೆತ್ತಿ ಬಂದು, ಬಿದಿರು ಕಾಡಿನ ನಡುವಿನ ಅರೆಕೆರೆಯ ಠಾಣ್ಯವನ್ನು ಮುರಿದ. ಸೆರೆಸಿಕ್ಕ ನಾಯಕನನ್ನು ಗಲ್ಲಿಗೇರಿಸಲಾಯಿತು. ಆ ಮೇಲೆ ನಾಲ್ಕು ದಶಕ ಕಳೆಯುವಷ್ಟರಲ್ಲಿ ಅದೇ ಕಾಡಿಗೆ ಕಾಫಿ ಕಾಲಿಟ್ಟಿತು. ಆಗ ಮಂಜರಾಬಾದ್ ಎನಿಸಿಕೊಂಡಿದ್ದ ಈ ಸೀಮೆಯಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ತೋಟ ಆರಂಭಿಸಿದ. 1850ರ ದಶಕದ ನಡುವಿನಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲೇ ತೋಟ ಮಾಡಿ, ದಶಕಗಳ ಅನುಭವವನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟ. 1894ರಲ್ಲಿ ಹೊರಬಂದ ಎರಡನೆಯದರ ಹೆಸರಿನಲ್ಲೇ ಮೈಸೂರಿನ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಕೋಲಾರದ ಗಣಿಗಳನ್ನು ಕಂಡು ಬರೆದ ಅಧ್ಯಾಯವೂ ಅದರಲ್ಲಿದೆ. ಆಗಿನ ಮೈಸೂರು ಸಂಸ್ಥಾನದಲ್ಲಿ ಹಣ ಹೂಡಲು ಬಂದವನ ಮುಂದೆ ಕೋಲಾರವೂ ಮಂಜರಾಬಾದೂ ಒಟ್ಟಿಗೇ ತೆರೆದುಕೊಂಡಿದ್ದವು.

1860ರ ದಶಕದಲ್ಲಿ ಕಾಂಡಕೊರಕ ಹುಳು ‘ಚಿಕ್’ ಎಂಬ ಹಳೆಯ ತಳಿಯನ್ನು ನೆಲಕಚ್ಚಿಸಿತು. ತೋಟಗಳು ಒಂದೊಂದಾಗಿ ಬಿಕೋ ಎಂದವು. ಕೊಡಗಿನಿಂದ ತಂದ ಬೀಜ ಮತ್ತು ನೆರಳಿನ ಮರಗಳನ್ನು ಉಳಿಸಿಕೊಳ್ಳುವ ಪದ್ಧತಿ ಈ ಸೀಮೆಯನ್ನು ಬದುಕಿಸಿದವು. ಮಂಜರಾಬಾದಿನ ಗೌಡರ ಮನೆತನಗಳೂ ಬಿಳಿಯರ ಜೊತೆಜೊತೆಗೇ ಕಾಫಿ ಬೆಳೆದವು. ಸ್ವಾತಂತ್ರ್ಯಾನಂತರ ದೊಡ್ಡ ಎಸ್ಟೇಟುಗಳೂ ಬಹುಮಟ್ಟಿಗೆ ಭಾರತೀಯರ ಕೈಗೆ ಬಂದವು. ಚಿನ್ನದ ಗಣಿ ಬರಿದಾದರೆ ಊರೂ ಬರಿದಾಗುತ್ತದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದಾಗ ಆದದ್ದು ಅದೇ. ಇಲ್ಲಿ ಗಿಡ ಸತ್ತ ಗುಂಡಿಯಲ್ಲಿ ಇನ್ನೊಂದು ಗಿಡ ನೆಟ್ಟರು, ಊರು ಉಳಿಯಿತು.

ಊರೊಳಗೆ. ಹೊಳೆಯ ದಂಡೆಯಲ್ಲಿರುವ ಸಕಲೇಶ್ವರ ದೇವಾಲಯ ಹೊಯ್ಸಳರ ಕಾಲದ್ದು. ಬೇಲೂರಿನ ಕುಸುರಿಯನ್ನು ನಿರೀಕ್ಷಿಸಿ ಬಂದವರಿಗೆ ಸರಳವೆನಿಸಬಹುದು. ಆದರೆ ವರ್ಷಕ್ಕೊಮ್ಮೆ ರಥೋತ್ಸವದ ದಿನ ಸುತ್ತಲ ಹಳ್ಳಿಗಳೆಲ್ಲ ಇಲ್ಲಿ ನೆರೆಯುತ್ತವೆ. ಮಳೆಗಾಲದಲ್ಲಿ ಹೇಮಾವತಿ ಉಕ್ಕಿದರೆ ಹೊಳೆ ಮಲ್ಲೇಶ್ವರ ಗುಡಿಗೆ ನೀರು ನುಗ್ಗುತ್ತದೆ, ಅದನ್ನು ನೋಡಲು ಜನ ಸೇತುವೆಯ ಮೇಲೆ ಸೇರುತ್ತಾರೆ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯನ್ನು ಊರಿನವರು ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುವುದು. ಇಲ್ಲಿನ ಕಾಫಿ ಪ್ಲಾಂಟರ್ ಕ್ರಾಫರ್ಡ್ ಅವರ ಹೆಸರು ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಭವನದಲ್ಲೂ ಉಳಿದಿದೆ. ಪ್ಲಾಂಟರುಗಳು ಕಟ್ಟಿಕೊಂಡ ಮಂಜರಾಬಾದ್ ಕ್ಲಬ್ಬು ಹತ್ತೊಂಬತ್ತನೆಯ ಶತಮಾನದ ಕೊನೆಯದು, ಸದಸ್ಯರಿಗಷ್ಟೇ ಪ್ರವೇಶ.

ಮಂಜರಾಬಾದ್ ಕೋಟೆ. ಊರಿನಿಂದ ಐದಾರು ಕಿ.ಮೀ. ದೂರದಲ್ಲಿ, ದೋಣಿಗಲ್ ಬಳಿ ಹೆದ್ದಾರಿಯ ಪಕ್ಕದ ಗುಡ್ಡದ ಮೇಲಿದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ ಇದು 1792ರಲ್ಲಿ ಪೂರ್ಣಗೊಂಡಿತು. ಎಂಟು ಮೂಲೆಗಳ ನಕ್ಷತ್ರಾಕಾರ, ಯುರೋಪಿನಲ್ಲಿ ಫ್ರೆಂಚ್ ಎಂಜಿನಿಯರ್ ವೊಬಾನ್ ಬೆಳೆಸಿದ ಶೈಲಿಯದು. ಫಿರಂಗಿ ಬಂದ ಮೇಲೆ ಎತ್ತರದ ಗೋಡೆಗೆ ಬೆಲೆ ಉಳಿಯಲಿಲ್ಲ. ಗೋಡೆಯನ್ನು ತಗ್ಗಾಗಿ, ದಪ್ಪವಾಗಿ, ಓರೆಯಾಗಿ ಕಟ್ಟಿ, ಒಂದು ಮೂಲೆಯ ಬುಡಕ್ಕೆ ಬಂದ ಶತ್ರುವನ್ನು ಪಕ್ಕದ ಮೂಲೆಯಿಂದ ಹೊಡೆಯುವುದೇ ಈ ವಿನ್ಯಾಸದ ಮರ್ಮ. ಮಂಗಳೂರಿನಿಂದ ಘಟ್ಟ ಹತ್ತಿಬರುವ ದಾರಿ ಇದರ ಕಣ್ಣಳತೆಯಲ್ಲಿತ್ತು. ಸುಮಾರು 250 ಮೆಟ್ಟಿಲು ಹತ್ತಿ ಒಳಹೊಕ್ಕರೆ ಅಂಗಳದ ನಡುವೆ ಶಿಲುಬೆಯಾಕಾರದ ಆಳವಾದ ಬಾವಿ. ನಾಲ್ಕು ದಿಕ್ಕಿನಿಂದಲೂ ಮೆಟ್ಟಿಲು ಅದರೊಳಕ್ಕೆ ಇಳಿಯುತ್ತವೆ. ಪಕ್ಕದಲ್ಲಿ ಮದ್ದಿನ ಮನೆಗಳು. ನೆಲದ ಮೇಲೆ ನಿಂತವರಿಗೆ ನಕ್ಷತ್ರ ಕಾಣದು. ಗೋಡೆಯ ಮೇಲೆ ಒಂದು ಸುತ್ತು ನಡೆದು, ಪ್ರತಿ ತಿರುವಿನಲ್ಲೂ ಹೊರಚಾಚಿದ ಮೂಲೆಯನ್ನು ಗಮನಿಸಿದರೆ ಆಕಾರ ಮನಸ್ಸಿಗೆ ಬರುತ್ತದೆ. ಮಳೆಗಾಲದಲ್ಲಿ ಕಲ್ಲು ಹಾವಸೆ ಕಟ್ಟಿ ಜಾರುತ್ತದೆ.

ಕಾಫಿ ತೋಟ. ಈ ಸೀಮೆಯಲ್ಲಿ ನೋಡಲೇಬೇಕಾದದ್ದು ಕೆಲಸ ನಡೆಯುತ್ತಿರುವ ತೋಟ. ಈಗ ಅನೇಕ ಬೆಳೆಗಾರರು ಹೋಂಸ್ಟೇ ನಡೆಸುವುದರಿಂದ ಅದು ಸುಲಭ. ಮಾರ್ಚ್ ಸುಮಾರಿಗೆ ಹೂಮಳೆ ಬಿದ್ದರೆ ಒಂದು ವಾರದಿಂದ ಹತ್ತು ದಿನದೊಳಗೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಘಮ ರಸ್ತೆಗೂ ಬರುತ್ತದೆ, ಎರಡು ಮೂರು ದಿನಕ್ಕೆಲ್ಲ ಹೂ ಬಾಡುತ್ತದೆ. ಹೂ ಕಾಯಿಕಟ್ಟಲು ಮತ್ತೊಂದು ಮಳೆ ಬೇಕು. ಬೆಳೆಗಾರರು ಅದನ್ನು ಬ್ಯಾಕಿಂಗ್ ಎನ್ನುತ್ತಾರೆ. ಈ ಎರಡು ಮಳೆಗಳ ಮೇಲೆ ವರ್ಷದ ಫಸಲೇ ನಿಂತಿರುವುದರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿನ ಯಾವ ಮನೆಯಲ್ಲೂ ಮಾತು ಮೋಡದ ಬಗೆಗೇ.

ಕೊಯ್ಲು ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ನವೆಂಬರ್‌ನಿಂದ ಫೆಬ್ರವರಿ, ಕೆಲವೊಮ್ಮೆ ಮಾರ್ಚ್‌ವರೆಗೆ. ಸಂಜೆ ತೂಕದ ಹೊತ್ತಿಗೆ ಹೋದರೆ ಎಸ್ಟೇಟಿನ ಬದುಕು ಹತ್ತಿರದಿಂದ ಕಾಣುತ್ತದೆ. ಹಣ್ಣಿನ ಚೀಲ ಹೊತ್ತು ತಂದವರು ಸಾಲಾಗಿ ನಿಲ್ಲುತ್ತಾರೆ, ಮೇಸ್ತ್ರಿ ತೂಕ ಕೂಗುತ್ತಾನೆ, ರೈಟರ್ ಬರೆದುಕೊಳ್ಳುತ್ತಾನೆ, ಹಸಿರುಕಾಯಿ ಹೆಚ್ಚು ಬೆರೆತಿದ್ದರೆ ಅಲ್ಲೇ ಮಾತು ಬೆಳೆಯುತ್ತದೆ. ಆ ರಾತ್ರಿಯೇ ಹಣ್ಣು ಪಲ್ಪರ್‌ಗೆ ಹೋಗಬೇಕು. ಸಿಪ್ಪೆ ಬೇರ್ಪಟ್ಟ ಬೀಜ ತೊಟ್ಟಿಯಲ್ಲಿ ಹುಳಿಬಂದು, ಲೋಳೆ ಬಿಟ್ಟು, ತೊಳೆದು ಕಣಕ್ಕೆ ಬರುತ್ತದೆ. ಇದು ಪಾರ್ಚ್‌ಮೆಂಟ್. ಹಣ್ಣನ್ನೇ ಇಡಿಯಾಗಿ ಒಣಗಿಸಿದರೆ ಚೆರಿ. ಕಣದಲ್ಲಿ ದಿಂಡುಗಟ್ಟಿ ಗೋರುವ ಹೆಂಗಸರು ಹಲ್ಲಿನಲ್ಲಿ ಒಂದು ಬೀಜ ಕಚ್ಚಿ ಒಣಗಿದ್ದು ಸಾಕೇ ಬೇಕೇ ಎಂದು ಹೇಳಬಲ್ಲರು. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಆಳು ಬರುತ್ತಿದ್ದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ. ಬಂಗಲೆಯ ಜಗಲಿಯ ಚಿತ್ರ ತೆಗೆಯುವವರು ಈ ಮನೆಗಳ ಕಡೆಗೂ ಕಣ್ಣು ಹಾಯಿಸುವುದು ನ್ಯಾಯ. ಕಾಡು ತೋಟವಾದದ್ದು ಇವರ ಕೈಯಿಂದ.

ಕಾಫಿಯ ನಡುವೆ ಮೆಣಸಿನ ಬಳ್ಳಿ, ತಗ್ಗಿನ ತಂಪಿನಲ್ಲಿ ಏಲಕ್ಕಿ. ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನೆಯ ಪ್ರಾದೇಶಿಕ ಕೇಂದ್ರ ದೋಣಿಗಲ್‌ನಲ್ಲಿದೆ. ಮಳೆ ಇನ್ನೂ ಹೆಚ್ಚಿರುವ ಕಾಡುಮನೆಯ ಕಡೆ ಕಾಫಿ ಹಿಂದೆ ಸರಿದು ಟೀ ಗುಡ್ಡಗಳು ಕಾಣುತ್ತವೆ.

ಘಾಟಿ ರೈಲು. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ಪೂರ್ಣಗೊಂಡಿತು. ಬ್ರಾಡ್‌ಗೇಜ್ ಪರಿವರ್ತನೆಗೆ ನಿಂತುಹೋದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಯಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗ, 109 ಸೇತುವೆ. ಏರು 50ಕ್ಕೆ 1. ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳ ಸುತ್ತ ಕಾಡು ಬಿಟ್ಟರೆ ಬೇರೇನಿಲ್ಲ. ಹಳಿಯ ಮೇಲಿನ ಚಾರಣ ಒಂದು ಕಾಲಕ್ಕೆ ಹೆಸರಾಗಿತ್ತು. ಈಗ ನಿಷಿದ್ಧ, ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಾಲದು. 2021ರಿಂದ ಹಗಲು ರೈಲಿಗೆ ಜೋಡಿಸಿರುವ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ನೋಡುವುದೇ ಕ್ಷೇಮ. ಭೂಕುಸಿತದಿಂದ ಮಾರ್ಗ ಮುಚ್ಚುವುದುಂಟು. 2024ರ ಜುಲೈನಲ್ಲಿ ಹಾಗಾಗಿತ್ತು.

ಬಿಸಿಲೆ ಮತ್ತು ಎತ್ತಿನಹೊಳೆ. ತಾಲ್ಲೂಕಿನ ದಕ್ಷಿಣದ ಬಿಸಿಲೆ ಘಾಟಿಯ ಅಂಚಿನಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, ಪುಷ್ಪಗಿರಿಯ ಸಾಲು. ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲೊಂದು. ಆಸುಪಾಸಿನ ಮಂಕನಹಳ್ಳಿಯ ಬಳಿ, ಬಿದ್ದ ಮಳೆ ಒಂದು ಕಡೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಕಡೆ ಬಂಗಾಳ ಕೊಲ್ಲಿಗೆ ಹರಿಯುವ ನೀರಂಚನ್ನು ಗುರುತಿಸಿದ ಹಳೆಯ ಕಲ್ಲುಕಟ್ಟೆ ಇದೆ. ಚಿಕ್ಕ ಜಾಗ, ಆದರೆ ಈ ಸೀಮೆಯ ಭೂಗೋಳವನ್ನು ಇಷ್ಟು ನೇರವಾಗಿ ತೋರಿಸುವ ಬೇರೆ ಸ್ಥಳವಿಲ್ಲ. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ ಮೊದಲಾದ ತೊರೆಗಳಿಂದ 24.01 ಟಿಎಂಸಿ ನೀರೆತ್ತಿ ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಗುರಿ ಚಿಕ್ಕಬಳ್ಳಾಪುರ ಮತ್ತು ಕೋಲಾರ. ಒಂದು ಕಾಲದ ಚಿನ್ನದ ಸೀಮೆಯ ಬಾಯಾರಿಕೆಗೆ ಕಾಫಿ ಸೀಮೆಯ ತೊರೆ. ಕಾಡು ಕಡಿದು, ಗುಡ್ಡ ಅಗೆದು ಹಾಕಿದ ದೈತ್ಯ ಕೊಳವೆಗಳನ್ನೂ ಇಲ್ಲಿಗೆ ಬಂದವರು ನೋಡಬೇಕು.

ಉತ್ತರದಲ್ಲಿ ಬೆಟ್ಟದ ಭೈರವೇಶ್ವರ ಗುಡಿ, ಪಾಂಡವರ ಗುಡ್ಡ, ಜೇನುಕಲ್ಲು ಗುಡ್ಡ ಚಾರಣಿಗರಿಗೆ ಪ್ರಿಯ. ಮೂಕನಮನೆ, ಮಂಜೇಹಳ್ಳಿ ಜಲಪಾತಗಳು ಮಳೆ ಮುಗಿದ ಅಕ್ಟೋಬರ್‌ನಲ್ಲಿ ಚೆಂದ.

ಆಲೂರು ಕಡೆ. ಆಲೂರು ಹಿಂದಿನಿಂದಲೂ ಅಕ್ಕಿಯ ಸಂತೆಗೆ ಹೆಸರಾದ ಊರು. ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಕೆಂಚಾಂಬೆ ಈ ಸೀಮೆಯವರ ದೊಡ್ಡ ದೇವತೆ. ಸಪ್ತಮಾತೃಕೆಯರಲ್ಲಿ ಮೂವರು ಹಾಸನದ ಹಾಸನಾಂಬೆಯ ಗುಡಿಯಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಇಲ್ಲಿ ನೆಲೆಸಿದರೆಂಬುದು ಐತಿಹ್ಯ.

ಕಾಡಾನೆ ಮತ್ತು ಪ್ರವಾಸಿ. ಕಾಡು ತೋಟವಾಗಿ, ತೋಟಗಳ ನಡುವೆ ಹೇಮಾವತಿ ಜಲಾಶಯದ ಹಿನ್ನೀರು ನಿಂತು, ಆನೆಯ ಹಾದಿಗಳು ಕಡಿದುಹೋಗಿವೆ. ಆಲೂರು ಭಾಗದಲ್ಲಿ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ನಿಂತಿಲ್ಲ. ಕೂಲಿಯವರೂ ಬೆಳೆಗಾರರೂ ಜೀವ ಕಳೆದುಕೊಳ್ಳುತ್ತಲೇ ಇದ್ದಾರೆ. ಎಂಟು ಬಾರಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗದೊಡನೆ ಸೆಣಸಿ ಸತ್ತ. ಅಲ್ಲೇ ದಬ್ಬಳ್ಳಿಕಟ್ಟೆ ಬಳಿ ಅವನ ಸಮಾಧಿ ಇದೆ, ಜನ ಹೋಗಿ ಕೈಮುಗಿದು ಬರುತ್ತಾರೆ.

ಪ್ರವಾಸಕ್ಕೆ ಅಕ್ಟೋಬರ್‌ನಿಂದ ಮಾರ್ಚ್ ಅನುಕೂಲ. ಜೂನ್‌ನಿಂದ ಆಗಸ್ಟ್‌ವರೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದುಂಟು. ಆದರೆ ಕಳಲೆ, ಅಣಬೆ, ಕೆಸುವಿನ ಸೊಪ್ಪು, ಹೊಳೆ ಏಡಿಯ ಸಾರಿನ ಜೊತೆ ಅಕ್ಕಿರೊಟ್ಟಿ, ಕಡುಬು ಉಣ್ಣಬೇಕೆಂದರೆ ಆ ತಿಂಗಳುಗಳೇ ಸರಿ. ಮೀಸಲು ಅರಣ್ಯದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳಗಿನ ಜಾವ ಮತ್ತು ಸಂಜೆಯ ಮೇಲೆ ತೋಟದ ದಾರಿಯಲ್ಲಿ ನಡೆಯುವ ಮುನ್ನ ಆನೆ ಎಲ್ಲಿದೆ ಎಂದು ತೋಟದವರನ್ನು ವಿಚಾರಿಸಿಯೇ ಹೊರಡಬೇಕು.