ಎಲ್ಲಾ ನಾರ್ಮಲ್!

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ದೊಡ್ಡಪ್ಪನ ಮಗ, ವಯಸ್ಸು 46, ಸಿಗರೇಟು ಮುಟ್ಟಿದವನಲ್ಲ. ರಕ್ತ ಪರೀಕ್ಷೆ ಮಾಡಿಸಿ "ಎಲ್ಲಾ ನಾರ್ಮಲ್ ಕಣೋ" ಅಂತ ಖುಷಿಯಾಗಿ ಫೋನ್ ಮಾಡಿದ್ದ. ಮೂರು ತಿಂಗಳಿಗೆ ಹಾರ್ಟ್ ಅಟ್ಯಾಕ್! ಪುಣ್ಯಕ್ಕೆ ಅಣ್ಣ ಉಳಿದುಕೊಂಡ. ಆದರೆ ಆ 'ನಾರ್ಮಲ್' ಅನ್ನೋ ಪದ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರೋರ ರಕ್ತನಾಳದಲ್ಲಿ ರೋಗ ಇರಬಹುದು ಅಂತ ವೈದ್ಯರಿಗೆ ಗೊತ್ತಾಗಿದ್ದು ಹೇಗೆ? ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್‌ಕೋವ್ ಅನ್ನೋ ಯುವ ವಿಜ್ಞಾನಿ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿದ. ಮೊಲಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡಿತು. "ಮೊಲ ಸೊಪ್ಪು ತಿನ್ನೋ ಪ್ರಾಣಿ, ಮನುಷ್ಯನಿಗೂ ಅದಕ್ಕೂ ಏನು ಸಂಬಂಧ?" ಅಂತ ಬಹಳ ಜನ ತಳ್ಳಿಹಾಕಿದರು. ಇದು ಮುದುಕರಿಗೆ ಬರೋ ಕಾಯಿಲೆ ಅನ್ನೋ ನಂಬಿಕೆ ಹಾಗೇ ಉಳಿಯಿತು.

ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಯುದ್ಧ. ಕೊರಿಯಾದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಕತ್ತರಿಸಿ ನೋಡಿದರು. ಸರಾಸರಿ ವಯಸ್ಸು 22! 1953ರಲ್ಲಿ ಬಂದ ವರದಿ ಪ್ರಕಾರ 100ಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಕಾಣಿಸಿತು. ಕೆಲವರಲ್ಲಿ ಬರೀ ಸ್ವಲ್ಪ ದಪ್ಪಗಾಗಿತ್ತು, ಕೆಲವರಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

ಸತ್ತ ಮೇಲೆ ಗೊತ್ತಾಗಿ ಏನು ಪ್ರಯೋಜನ? ಬದುಕಿದ್ದಾಗಲೇ ತಿಳಿಯಬೇಕಲ್ಲ. ಆ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. 1948ರಿಂದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನಲ್ಲಿ 5,209 ಜನರನ್ನು ಆಗಾಗ ಪರೀಕ್ಷಿಸುತ್ತಾ ಬಂದರು. ಬಿ.ಪಿ., ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆ ಹೆಚ್ಚು ಬರುತ್ತೆ ಅಂತ 1961ರ ಹೊತ್ತಿಗೆ ಸ್ಪಷ್ಟವಾಯಿತು. ಇವತ್ತು ಡಾಕ್ಟರ್ ಬರೆದುಕೊಡೋ ಪರೀಕ್ಷೆಗಳ ಮೂಲ ಇದೇ.

ಆದರೂ ಕೊಲೆಸ್ಟ್ರಾಲ್ ಜಾಸ್ತಿ ಇಲ್ಲದವರಿಗೂ ಹಾರ್ಟ್ ಅಟ್ಯಾಕ್ ಆಗ್ತಿತ್ತು. ಇಲ್ಲಿ ಬರುತ್ತೆ ಸಿ.ಆರ್.ಪಿ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿದ ಪ್ರೋಟೀನ್ ಇದು. ದೇಹದಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಏರುತ್ತೆ. 1997ರಲ್ಲಿ ಪಾಲ್ ರಿಡ್ಕರ್ ತಂಡದವರು, ಆರೋಗ್ಯವಾಗಿದ್ದಾಗ ಕೊಟ್ಟು ತೆಗೆದಿಟ್ಟಿದ್ದ ರಕ್ತವನ್ನೇ ಪರೀಕ್ಷಿಸಿದರು. ಸಿ.ಆರ್.ಪಿ. ಅತಿ ಹೆಚ್ಚಿದ್ದವರಿಗೆ, ಅತಿ ಕಡಿಮೆ ಇದ್ದವರಿಗಿಂತ ಮುಂದೆ ಹಾರ್ಟ್ ಅಟ್ಯಾಕ್ ಆಗೋ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು!

ಹಾಗಂತ ಸಿ.ಆರ್.ಪಿ.ಯೇ ಕಳ್ಳ ಅಂದುಕೊಳ್ಳಬೇಡಿ. ಅದು ಹೊಗೆ ಅಷ್ಟೇ, ಬೆಂಕಿ ಅಲ್ಲ. ವಂಶವಾಹಿಗಳ ಅಧ್ಯಯನಗಳು ಆಮೇಲೆ ತೋರಿಸಿದ್ದು ಇದನ್ನೇ. ಆದರೆ ಉರಿಯೂತ ಮಾತ್ರ ನಿಜವಾದ ಪಾಲುದಾರ. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ ಉರಿಯೂತ ತಗ್ಗಿಸೋ ಔಷಧಿ ಕೊಟ್ಟಾಗ, ಕೊಲೆಸ್ಟ್ರಾಲ್ ಇಳಿಯದಿದ್ದರೂ ಅಪಾಯ ಇಳಿಯಿತು ಅಂತ 2017ರಲ್ಲಿ ಗೊತ್ತಾಯಿತು.

ಅದೇ 2017ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಿಂದ ಇನ್ನೊಂದು ವರದಿ ಬಂತು. ಅಲ್ಲಿ 40ರಿಂದ 54 ವರ್ಷದ ಬ್ಯಾಂಕ್ ನೌಕರರನ್ನು ಸ್ಕ್ಯಾನ್ ಮಾಡಿದ್ದರು. ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಹೆಚ್ಚು ಕೊಲೆಸ್ಟ್ರಾಲ್ ಯಾವುದೂ ಇಲ್ಲದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಕುತ್ತಿಗೆ, ಹೊಟ್ಟೆ, ತೊಡೆಸಂದಿನ ರಕ್ತನಾಳಗಳಲ್ಲೋ ಹೃದಯದಲ್ಲೋ ರೋಗ ಶುರುವಾಗಿತ್ತು. 'ನಾರ್ಮಲ್' ಮಿತಿಯೊಳಗೇ ಎಲ್.ಡಿ.ಎಲ್. ಏರಿದಂತೆಲ್ಲಾ ರೋಗವೂ ಹೆಚ್ಚು.

ಅಣ್ಣನ ರಿಪೋರ್ಟ್ ಸುಳ್ಳು ಹೇಳಿರಲಿಲ್ಲ. ನಾರ್ಮಲ್ ಅಂದರೆ 'ಬಹಳ ಜನರಲ್ಲಿ ಇರುವಷ್ಟೇ' ಅಂತ. ರೋಗ ಇಲ್ಲ ಅಂತ ಅಲ್ಲ. ಅದನ್ನು ತಪ್ಪಾಗಿ ಓದಿದ್ದು ನಾವು. ನಮ್ಮ ಕಡೆಯವರಿಗಂತೂ ಇದು ಇನ್ನೂ ಮುಖ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಮುಂದಾಳತ್ವದ 52 ದೇಶಗಳ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ ಸುಮಾರು 59ಕ್ಕೆ.

ಈಗ ಅಣ್ಣ ರಿಪೋರ್ಟ್ ಬಂದ ಕೂಡಲೇ ನನಗೆ ಫೋನ್ ಮಾಡಲ್ಲ. ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು, ಅಂಕಿ ಯಾವ ಕಡೆ ಹೋಗ್ತಿದೆ ಅಂತ ನೋಡಿ, ಡಾಕ್ಟರ ಹತ್ತಿರ ಹೋಗ್ತಾನೆ. ನೀವೂ ಹಾಗೇ ಮಾಡಿ...